ಹಡಗು ದಡಕ್ಕೆ ಬಂತು, ಇಳಿಯುವುದು ಯಾವಾಗ?

ಕ್ರೂಸ್ ಪ್ರವಾಸದ ಕೊನೆಯ ದಿನ ಹಡಗು ಬಂದರು ಸೇರುವ ಹೊತ್ತಿಗೂ ಪ್ರಯಾಣಿಕ ಊರಿನ ರಸ್ತೆಗೆ ಕಾಲಿಡುವ ಹೊತ್ತಿಗೂ ನಡುವೆ ಕೆಲವು ಗಂಟೆಗಳ ಅಂತರ ಇದ್ದೇ ಇರುತ್ತದೆ. ಅಮೆರಿಕದ ಫ್ಲಾರಿಡಾ ರಾಜ್ಯದ ಮಯಾಮಿಯಲ್ಲಿ ಈ ಅಂತರವನ್ನು ಚಳಿಗಾಲದ ವಾರಾಂತ್ಯಗಳಲ್ಲಿ ಚೆನ್ನಾಗಿ ಕಾಣಬಹುದು. ಕೆರಿಬಿಯನ್ ಸಮುದ್ರ ಸುತ್ತಿ ಬಂದ ಹಡಗುಗಳು ಇನ್ನೂ ಕತ್ತಲಿರುವಾಗಲೇ ಗವರ್ನಮೆಂಟ್ ಕಟ್ ಎಂಬ ಅಗೆದು ಮಾಡಿದ ಕಾಲುವೆಯನ್ನು ಹೊಕ್ಕು, ಬಲಕ್ಕೆ ಸೌತ್ ಬೀಚಿನ ಕಟ್ಟಡಗಳನ್ನೂ ಎಡಕ್ಕೆ ಫಿಶರ್ ದ್ವೀಪವನ್ನೂ ದಾಟಿ ಡಾಡ್ಜ್ ದ್ವೀಪದ ಧಕ್ಕೆಗೆ ಬಂದು ನಿಲ್ಲುತ್ತವೆ. ಆರು ಗಂಟೆಯ ಸುಮಾರಿಗೆ ಹಗ್ಗ ಬಿಗಿದಾಗಿರುತ್ತದೆ. ಬಾಲ್ಕನಿಯಲ್ಲಿ ನಿಂತವರಿಗೆ ಕೆಳಗೆ ಟ್ಯಾಕ್ಸಿಗಳ ಸಾಲು ಕಾಣುತ್ತದೆ, ಮೊಬೈಲಿಗೆ ಊರಿನ ಸಿಗ್ನಲ್ ಬರುತ್ತದೆ, ಕಾಲಿಗೆ ಮಾತ್ರ ನೆಲ ಸಿಗುವುದಿಲ್ಲ. ಸಾಮಾನ್ಯವಾಗಿ ಮೊದಲ ಪ್ರಯಾಣಿಕ ಇಳಿಯುವುದು ಏಳರ ಆಸುಪಾಸಿನಲ್ಲಿ, ಕೊನೆಯವರು ಹತ್ತರ ಹೊತ್ತಿಗೆ. ಎಲ್ಲೋ ಒಂದು ಕೊಂಡಿ ಸಡಿಲವಾದರೆ ಅದು ಮಧ್ಯಾಹ್ನಕ್ಕೂ ಹೋಗುತ್ತದೆ.

ಇಳಿಯಬೇಕಾದವರ ಸಂಖ್ಯೆಯೇ ಇಲ್ಲಿ ಮೊದಲ ಸಂಗತಿ. 2024ರ ಜನವರಿಯಲ್ಲಿ ಮಯಾಮಿಯಿಂದ ಸಂಚಾರ ಆರಂಭಿಸಿದ ಐಕಾನ್ ಆಫ್ ದ ಸೀಸ್ ಹಡಗಿನ ಉದ್ದ ಸುಮಾರು 365 ಮೀಟರ್, ಅಂತಸ್ತುಗಳು 20. ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೆ 5,610 ಪ್ರಯಾಣಿಕರು, ಎಲ್ಲ ಹಾಸಿಗೆಗಳೂ ತುಂಬಿದರೆ 7,600 ಮಂದಿ. ಅದರ ಮೇಲೆ 2,350 ಸಿಬ್ಬಂದಿ. ನಮ್ಮ ಒಂದು ದೊಡ್ಡ ಹೋಬಳಿ ಊರಿನಷ್ಟು ಜನ ಬೆಳಿಗ್ಗೆ ಮೂರು ಗಂಟೆಗಳ ಅವಧಿಯೊಳಗೆ ಮನೆ ಖಾಲಿ ಮಾಡಬೇಕು, ಅಷ್ಟೇ ಜನ ಮಧ್ಯಾಹ್ನದೊಳಗೆ ಅದೇ ಮನೆಗಳಿಗೆ ಬರಬೇಕು, ಸಂಜೆ ನಾಲ್ಕರ ಹೊತ್ತಿಗೆ ಊರೇ ಹೊರಡಬೇಕು. ಕ್ರೂಸ್ ಉದ್ಯಮ ಇದನ್ನು ಟರ್ನ್‌ಅರೌಂಡ್ ದಿನ ಎನ್ನುತ್ತದೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಯವರು ಮಜ್ಜಿಗೆ ಅನ್ನ ಕಲೆಸುತ್ತಿರುವಾಗಲೇ ಎರಡನೇ ಪಂಕ್ತಿಯವರು ಕುರ್ಚಿಯ ಹಿಂದೆ ಬಂದು ನಿಲ್ಲುವ ಹಾಗೆ, ಹಳಬರ ಸೂಟ್‌ಕೇಸು ಇಳಿಯುತ್ತಿರುವಾಗಲೇ ಹೊಸಬರ ಕಾರುಗಳು ಟರ್ಮಿನಲ್ಲಿನ ಮುಂದೆ ನಿಲ್ಲತೊಡಗುತ್ತವೆ.

ಹಿಂದಿನ ರಾತ್ರಿ

ಇಳಿಯುವ ಕೆಲಸ ಶುರುವಾಗುವುದು ಹಿಂದಿನ ರಾತ್ರಿಯೇ. ಸಂಜೆಯ ಹೊತ್ತಿಗೆ ಪ್ರತಿ ಕೋಣೆಗೂ ಬಣ್ಣದ ಇಲ್ಲವೇ ಅಂಕಿಯ ಚೀಟಿಗಳು ಬಂದಿರುತ್ತವೆ. ಅವನ್ನು ಪೆಟ್ಟಿಗೆಗಳಿಗೆ ಕಟ್ಟಿ ಹತ್ತು–ಹನ್ನೊಂದು ಗಂಟೆಯೊಳಗೆ ಬಾಗಿಲಾಚೆ ಇಟ್ಟುಬಿಡಬೇಕು. ಚೀಟಿಯ ಅಂಕಿಯೇ ಮರುದಿನ ಇಳಿಯುವ ಸರದಿ. ಬೆಳಗಿನ ವಿಮಾನ ಇರುವವರಿಗೆ ಮುಂಚಿನ ಅಂಕಿ, ಅದೇ ಊರಿನಲ್ಲಿ ಉಳಿಯುವವರಿಗೆ ತಡದ ಅಂಕಿ. ಹನ್ನೊಂದರ ನಂತರ ಕಾರಿಡಾರಿನಲ್ಲಿ ನಡೆದರೆ ಎರಡೂ ಬದಿಗೆ ಬಾಗಿಲಿಗೊಂದರಂತೆ, ಮೂರರಂತೆ ಪೆಟ್ಟಿಗೆಗಳು ಸಾಲಾಗಿ ನಿಂತಿರುತ್ತವೆ. ಸಿಬ್ಬಂದಿ ಅವನ್ನು ಲಿಫ್ಟಿನಲ್ಲಿ ಕೆಳಗಿಳಿಸಿ, ಹಡಗಿನ ಉದ್ದಕ್ಕೂ ಹಾಯುವ ಸೇವಾ ಓಣಿಗೆ ತರುತ್ತಾರೆ. ಅಮೆರಿಕದ ಪೂರ್ವ ಕರಾವಳಿಯ ಹೆದ್ದಾರಿಯ ಹೆಸರಿನಲ್ಲಿ ಈ ಓಣಿಯನ್ನು ಅನೇಕ ಹಡಗುಗಳ ಸಿಬ್ಬಂದಿ ಐ-95 ಎಂದೇ ಕರೆಯುತ್ತಾರೆ. ಅಲ್ಲಿ ಅಂಕಿವಾರು ಕಬ್ಬಿಣದ ಪಂಜರಗಳಿಗೆ ತುಂಬಿದ ಪೆಟ್ಟಿಗೆಗಳನ್ನು ಬೆಳಿಗ್ಗೆ ಫೋರ್ಕ್‌ಲಿಫ್ಟ್‌ಗಳು ಧಕ್ಕೆಗೆ ಇಳಿಸುತ್ತವೆ, ಟರ್ಮಿನಲ್ಲಿನ ಹಜಾರದಲ್ಲಿ ಅದೇ ಅಂಕಿಯ ಫಲಕದ ಕೆಳಗೆ ಜೋಡಿಸುತ್ತಾರೆ.

ಈ ರಾತ್ರಿಯ ಪರದಾಟಗಳು ಹಳೆಯ ಪ್ರಯಾಣಿಕರಿಗೆಲ್ಲ ಗೊತ್ತು. ಮರುದಿನ ಹಾಕಿಕೊಳ್ಳಬೇಕಾದ ಪ್ಯಾಂಟು, ಚಪ್ಪಲಿ, ರಕ್ತದೊತ್ತಡದ ಮಾತ್ರೆ, ಕೆಲವೊಮ್ಮೆ ಪಾಸ್‌ಪೋರ್ಟೂ ಪೆಟ್ಟಿಗೆಯೊಳಗೆ ಸೇರಿ ಹೋಗಿರುತ್ತವೆ. ಒಂದು ಸಲ ಪಂಜರಕ್ಕೆ ಬಿದ್ದ ಪೆಟ್ಟಿಗೆಯನ್ನು ಸಾವಿರಾರರ ನಡುವೆ ಹುಡುಕಿ ತೆಗೆಯಲಾಗುವುದಿಲ್ಲ. ಅದು ಇನ್ನು ದಡದಲ್ಲೇ ಸಿಗಬೇಕು. ಪಾಸ್‌ಪೋರ್ಟ್ ಕೈಯಲ್ಲಿಲ್ಲದೆ ಅಧಿಕಾರಿಯ ಮುಂದೆ ನಿಲ್ಲುವವರಿಂದ ಅವರ ಹಿಂದಿನ ಸಾಲೂ ನಿಲ್ಲುತ್ತದೆ. ಪೆಟ್ಟಿಗೆಯ ಗೊಡವೆಯೇ ಬೇಡ ಎನ್ನುವವರಿಗೆ ಎಲ್ಲವನ್ನೂ ತಾವೇ ಹೊತ್ತು ಮೊದಲೇ ಇಳಿದುಬಿಡುವ ಅವಕಾಶವನ್ನು ಬಹುತೇಕ ಕಂಪನಿಗಳು ಕೊಡುತ್ತವೆ. ಅದಕ್ಕೆ ಮುಗಿಬೀಳುವವರು ಹೆಚ್ಚಾದಂತೆ ಬೆಳಿಗ್ಗೆ ಆರೂವರೆಗೇ ಮೆಟ್ಟಿಲುಗಳ ತುಂಬ ಚಕ್ರದ ಪೆಟ್ಟಿಗೆಗಳು ಸಿಕ್ಕಿಕೊಳ್ಳುತ್ತವೆ. ಬೇಗ ಇಳಿಯುವ ಸೌಲಭ್ಯವೇ ತಡಕ್ಕೆ ಒಂದು ಕಾರಣವಾಗುತ್ತದೆ.

ಬಾಗಿಲಿನ ಲೆಕ್ಕ

ಕೊನೆಯ ಬೆಳಿಗ್ಗೆ ಕೋಣೆಗಳನ್ನು ಎಂಟರ ಸುಮಾರಿಗೆ ಬಿಡಬೇಕಾಗುತ್ತದೆ. ಬಿಟ್ಟವರಿಗೆ ಹೋಗಲು ಮನೆಯಿಲ್ಲ: ಉಪಾಹಾರದ ಹಜಾರ, ನಾಟಕಶಾಲೆ, ಬಾರುಗಳ ಕುರ್ಚಿಗಳು, ಕಡೆಗೆ ಲಿಫ್ಟಿನ ಮುಂದಿನ ನೆಲವೂ ತುಂಬುತ್ತದೆ. ಗ್ಯಾಂಗ್‌ವೇ, ಅಂದರೆ ಹಡಗಿನಿಂದ ಟರ್ಮಿನಲ್ಲಿಗೆ ದಾಟುವ ಸೇತುವೆ, ಒಂದೋ ಎರಡೋ ಇರುತ್ತದೆ. ಅದರ ಬಾಯಲ್ಲಿ ನಿಂತ ಭದ್ರತಾ ಸಿಬ್ಬಂದಿ ಪ್ರತಿಯೊಬ್ಬರ ಕಾರ್ಡನ್ನೂ ಯಂತ್ರಕ್ಕೆ ಹಿಡಿಯುತ್ತಾರೆ. ಟಿಂಗ್ ಎಂಬ ಸದ್ದು ಬಂದು ಪರದೆಯ ಮೇಲೆ ಮುಖ ಮೂಡಿದರೆ ಆ ವ್ಯಕ್ತಿ ಹಡಗಿನ ಲೆಕ್ಕದಿಂದ ಹೊರಗೆ. ಸದ್ದು ಬೇರೆಯಾದರೆ ಏನೋ ಬಾಕಿ ಇದೆ ಎಂದರ್ಥ: ನಗದು ಖಾತೆಯ ಬಿಲ್ಲು ತೀರಿಲ್ಲ, ಕ್ರೆಡಿಟ್ ಕಾರ್ಡ್ ತಿರಸ್ಕೃತವಾಗಿದೆ, ಇಲ್ಲವೇ ಅಧಿಕಾರಿಗಳು ಅವರನ್ನು ನೋಡಬೇಕೆಂದಿದ್ದಾರೆ. ಅವರನ್ನು ಪಕ್ಕಕ್ಕೆ ನಿಲ್ಲಿಸುವಷ್ಟರಲ್ಲಿ ಹಿಂದೆ ಇಪ್ಪತ್ತು ಜನ ಸೇರಿರುತ್ತಾರೆ.

ಈ ಬಾಗಿಲಿನ ಗಣಿತ ಬಹಳ ಬಿಗಿ. 5,400 ಪ್ರಯಾಣಿಕರು ಎರಡು ಗ್ಯಾಂಗ್‌ವೇಗಳಿಂದ ಮೂರು ಗಂಟೆಯಲ್ಲಿ ಇಳಿಯಬೇಕೆಂದು ಇಟ್ಟುಕೊಂಡರೆ ಒಬ್ಬೊಬ್ಬರಿಗೆ ಸಿಗುವುದು ನಾಲ್ಕು ಸೆಕೆಂಡು. ಯಾರೋ ಚೀಲದಲ್ಲಿ ಕಾರ್ಡು ತಡಕಿ, ಮತ್ತಾರೋ ಮಗುವಿನ ಗಾಡಿಯನ್ನು ಹೊಸ್ತಿಲು ದಾಟಿಸಿ, ಸರಾಸರಿ ನಾಲ್ಕು ಹೋಗಿ ಐದು ಸೆಕೆಂಡಾದರೆ ಒಟ್ಟು ಹೊತ್ತು ಮೂರು ಗಂಟೆ ಮುಕ್ಕಾಲು ತಾಸಿಗೆ ಏರುತ್ತದೆ. ತಲೆಗೊಂದು ಸೆಕೆಂಡು ಕೂಡಿ ಸಾಲಿನ ಬಾಲದಲ್ಲಿ ನಲವತ್ತೈದು ನಿಮಿಷವಾಗುತ್ತದೆ. ಒಂದು ಗ್ಯಾಂಗ್‌ವೇ ಕೆಟ್ಟರಂತೂ ಹೊತ್ತು ಇಮ್ಮಡಿ. ಇಂಥ ಸಾಲುಗಳನ್ನು ಗಣಿತದ ಕಣ್ಣಿನಲ್ಲಿ ನೋಡಿದವರಲ್ಲಿ ಮೊದಲಿಗ ಡೆನ್ಮಾರ್ಕಿನ ಆಗ್ನರ್ ಎರ್ಲಾಂಗ್. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಆತ 1909ರಲ್ಲಿ ಕರೆಗಳ ದಟ್ಟಣೆಯ ಬಗ್ಗೆ ಬರೆದ ಲೇಖನವೇ ಸಾಲುಗಳ ಶಾಸ್ತ್ರದ ಆರಂಭ. ಬಾಗಿಲಿನ ಸಾಮರ್ಥ್ಯ ಪೂರ್ತಿ ಬಳಕೆಯಾಗುವ ಹಂತಕ್ಕೆ ಬಂದಂತೆ, ಸಣ್ಣ ಏರುಪೇರೂ ಸಾಲನ್ನು ಅಳತೆ ಮೀರಿ ಬೆಳೆಸುತ್ತದೆ ಎಂಬುದು ಆ ಶಾಸ್ತ್ರದ ಮುಖ್ಯ ತಿಳಿವಳಿಕೆ. ಟರ್ನ್‌ಅರೌಂಡ್ ದಿನದ ಗ್ಯಾಂಗ್‌ವೇ ಯಾವಾಗಲೂ ಆ ಹಂತದಲ್ಲೇ ಇರುತ್ತದೆ.

ಮೆಟ್ಟಿಲಿಳಿಯಲಾಗದವರು, ಗಾಲಿಕುರ್ಚಿಯವರು ಲಿಫ್ಟನ್ನೇ ನೆಚ್ಚಬೇಕು. ಪೆಟ್ಟಿಗೆ ಸಮೇತ ಇಳಿಯುವವರು ಪ್ರತಿ ಅಂತಸ್ತಿನಲ್ಲೂ ಅದನ್ನು ತುಂಬಿಸಿಬಿಟ್ಟಿರುತ್ತಾರೆ. ಗಾಲಿಕುರ್ಚಿ ತಳ್ಳುವ ಸಿಬ್ಬಂದಿ ಒಬ್ಬರನ್ನು ದಡದ ತನಕ ಬಿಟ್ಟು ಸಾಲಿನ ಎದುರುದಿಕ್ಕಿನಲ್ಲಿ ಹಿಂದಿರುಗಿ ಬರಬೇಕು. ವಯಸ್ಸಾದವರು ಹೆಚ್ಚಿರುವ ದೀರ್ಘ ಪ್ರವಾಸಗಳಲ್ಲಿ ಇಳಿಯಲು ಹಿಡಿಯುವ ಹೊತ್ತು ಹೆಚ್ಚಾಗಲು ಇದೂ ಒಂದು ಕಾರಣ.

ಗಡಿ ದಾಟುವ ಕೆಲಸ

ಗ್ಯಾಂಗ್‌ವೇಯ ಆಚೆ ಹಡಗಿನ ಮಾತು ನಡೆಯುವುದಿಲ್ಲ, ಅಲ್ಲಿಂದ ಮುಂದೆ ದಡದ ಸರ್ಕಾರದ ಅಧಿಕಾರ. ಮಯಾಮಿಯಿಂದ ಹೊರಟು ಮಯಾಮಿಗೇ ಮರಳುವ ಹಡಗೂ ವಿದೇಶದಿಂದ ಬಂದ ಹಡಗೇ. ಇದರ ಹಿಂದೆ 1886ರ ಕಾನೂನೊಂದಿದೆ. ಆ ಪ್ರಯಾಣಿಕ ಹಡಗು ಸೇವಾ ಕಾಯ್ದೆಯ ಪ್ರಕಾರ ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಪ್ರಯಾಣಿಕರನ್ನು ಸುಮ್ಮನೆ ಸಾಗಿಸುವಂತಿಲ್ಲ, ನಡುವೆ ವಿದೇಶಿ ಬಂದರು ಮುಟ್ಟಲೇಬೇಕು. ಅಲ್ಲಿ ಕಾಣುವ ದೊಡ್ಡ ಕ್ರೂಸ್ ಹಡಗುಗಳು ಬಹುಪಾಲು ಬಹಾಮಾಸ್, ಪನಾಮಾ, ಮಾಲ್ಟಾದಂಥ ದೇಶಗಳ ಧ್ವಜ ಹಾರಿಸುವವು. ಸಿಯಾಟಲ್‌ನಿಂದ ಅಲಾಸ್ಕಾಗೆ ಹೋಗಿ ಬರುವ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ಸಂಜೆಯ ಕೆಲವೇ ತಾಸು ನಿಲ್ಲುವುದಕ್ಕೂ ಇದೇ ಕಾನೂನು ಕಾರಣ. ಹೀಗಾಗಿ ಪ್ರತಿ ಪ್ರವಾಸದ ಕೊನೆಗೂ ಪಾಸ್‌ಪೋರ್ಟ್, ಸುಂಕ, ಕೃಷಿ ತಪಾಸಣೆಗಳು ತಪ್ಪವು.

ಸಾಮಾನ್ಯವಾಗಿ ಹಡಗು ಬರುವ 96 ಗಂಟೆ ಮುಂಚೆಯೇ ಪ್ರಯಾಣಿಕರ, ಸಿಬ್ಬಂದಿಯ ಪಟ್ಟಿ ಅಮೆರಿಕದ ಕರಾವಳಿ ಕಾವಲು ಪಡೆಗೆ ತಲುಪಿರಬೇಕು. ಸುಂಕ ಮತ್ತು ಗಡಿ ರಕ್ಷಣಾ ಇಲಾಖೆಯ ಅಧಿಕಾರಿಗಳು ಬೆಳಿಗ್ಗೆ ಬಂದು ಹಡಗಿಗೆ ಅನುಮತಿ ಕೊಡುವ ತನಕ ಯಾರೂ ಇಳಿಯುವಂತಿಲ್ಲ. ಆಮೇಲೆ ಒಬ್ಬೊಬ್ಬರದೇ ಸರದಿ. ತಲೆಗೆ ಅರ್ಧ ನಿಮಿಷವೆಂದರೂ 5,400 ಮಂದಿಗೆ 45 ಗಂಟೆಯ ಕೆಲಸ. ಮೂರು ಗಂಟೆಯಲ್ಲಿ ಅದು ಮುಗಿಯಬೇಕಾದರೆ ಹದಿನೈದು ಅಧಿಕಾರಿಗಳು ಎಡೆಬಿಡದೆ ಕೂತಿರಬೇಕು. ಒಂದೇ ಬೆಳಿಗ್ಗೆ ಐದಾರು ಹಡಗುಗಳು ಬಂದಾಗ ಅಧಿಕಾರಿಗಳು ಟರ್ಮಿನಲ್ಲುಗಳ ನಡುವೆ ಹಂಚಿಹೋಗುತ್ತಾರೆ. ಹಣ್ಣು, ಮಾಂಸ, ಸಸಿ ತಂದವರನ್ನು ಪತ್ತೆ ಮಾಡಲು ಬೀಗಲ್ ಜಾತಿಯ ನಾಯಿಗಳು ಪೆಟ್ಟಿಗೆಗಳ ನಡುವೆ ಮೂಸುತ್ತಾ ತಿರುಗುತ್ತವೆ. ಹಡಗಿನ ಬಫೆಯಿಂದ ಚೀಲಕ್ಕೆ ಹಾಕಿಕೊಂಡ ಒಂದು ಸೇಬು ಸಾಕು, ಪ್ರಯಾಣಿಕ ಎರಡನೇ ತಪಾಸಣೆಗೆ ಹೋಗಲು.

ಅಮೆರಿಕದ ನಾಗರಿಕರು ಇಂಥ ಸುತ್ತುಪ್ರವಾಸಕ್ಕೆ ಜನನ ಪ್ರಮಾಣಪತ್ರ ಮತ್ತು ಫೋಟೊ ಗುರುತುಪತ್ರದ ಮೇಲೂ ಹೋಗಿಬರಬಹುದು. ಭಾರತದಿಂದ ಪ್ರವಾಸಕ್ಕೆ ಬಂದವರಿಗೆ ಪಾಸ್‌ಪೋರ್ಟ್, ವೀಸಾ ಬೇಕೇ ಬೇಕು. ಮಗನ ಮನೆಗೋ ಮಗಳ ಬಾಣಂತನಕ್ಕೋ ಬೆಂಗಳೂರು, ಮೈಸೂರುಗಳಿಂದ ಬಂದು ಬಹಾಮಾಸ್ ಕ್ರೂಸಿಗೆ ಹೊರಡುವ ತಂದೆತಾಯಿಯರು ಮರಳಿ ಇಳಿಯುವಾಗ ಅಮೆರಿಕಕ್ಕೆ ಎರಡನೇ ಸಲ ಪ್ರವೇಶ ಪಡೆದಂತೆಯೇ. ಆದ್ದರಿಂದ ಒಂದೇ ಪ್ರವೇಶದ ವೀಸಾ ಇದ್ದವರು ಆ ಹಡಗು ಹತ್ತುವಂತಿಲ್ಲ. ಒಂದೇ ಮನೆಯಲ್ಲಿ ಮೊಮ್ಮಗ ನಾಗರಿಕ, ಮಗ ಗ್ರೀನ್ ಕಾರ್ಡಿನವನು, ಅಜ್ಜಿ ಪ್ರವಾಸಿ ವೀಸಾದವಳು ಆಗಿದ್ದರೆ ಮೊಮ್ಮಗ ಕ್ಷಣದಲ್ಲಿ ದಾಟಿಬಿಡುತ್ತಾನೆ, ಅಜ್ಜಿಗೆ ಪ್ರಶ್ನೆಗಳಿರುತ್ತವೆ.

ಇಳಿಯುವವರೆಲ್ಲ ಇಳಿದರೂ ಕೆಲಸ ಮುಗಿಯದು. ಅಮೆರಿಕದ ಬಂದರುಗಳಲ್ಲಿ ಹಳೆಯ ಪಟ್ಟಿಯ ಕೊನೆಯ ಪ್ರಯಾಣಿಕನೂ ತಪಾಸಣೆ ಮುಗಿಸಿ ಹಡಗಿನ ಲೆಕ್ಕ ಸೊನ್ನೆಗೆ ಬರಬೇಕು, ಆಮೇಲಷ್ಟೇ ಹೊಸಬರು ಹತ್ತಬಹುದು. ಮುಂದಿನ ಪ್ರವಾಸಕ್ಕೂ ಅದೇ ಹಡಗಿನಲ್ಲಿ ಮುಂದುವರಿಯುವವರು ಸಹ ಒಮ್ಮೆ ಇಳಿದೇ ಹತ್ತಬೇಕು. ಒಬ್ಬರು ಕೋಣೆಯಲ್ಲಿ ನಿದ್ದೆ ಹೋಗಿದ್ದರೂ ಧ್ವನಿವರ್ಧಕದಲ್ಲಿ ಅವರ ಹೆಸರು ಮತ್ತೆ ಮತ್ತೆ ಕೇಳುತ್ತದೆ. ಒಳಗೆ ಸ್ವಚ್ಛತೆ, ಹೊರಗೆ ಹೊಸಬರ ಸಾಲು ಎರಡೂ ಅವರಿಗಾಗಿ ಕಾಯುತ್ತವೆ. ಸಿಬ್ಬಂದಿಗೂ ತಪಾಸಣೆಯ ಸರದಿಗಳಿವೆ. ಸಿ1/ಡಿ ವೀಸಾ ಹಿಡಿದು ಮಂಗಳೂರು, ಉಡುಪಿ, ಗೋವಾದ ಕಡೆಯಿಂದ ಹಡಗು ಸೇರಿದ ಹುಡುಗರಿಗೆ ಈ ದಿನವೇ ಅತಿ ಭಾರದ್ದು. ಬೆಳಗಿನ ಪೆಟ್ಟಿಗೆ, ಹಾಸಿಗೆ, ಉಪಾಹಾರ ಮುಗಿಸುವಷ್ಟರಲ್ಲಿ ಹೊಸ ಪ್ರಯಾಣಿಕರಿಗೆ ನಗುಮೊಗದ ಸ್ವಾಗತ ಕೊಡಬೇಕು.

ಮಂಜು, ಬೆಂಕಿ, ದೋಣಿ

ಕೆಲವು ತಡಗಳು ಧಕ್ಕೆ ಕಾಣುವ ಮೊದಲೇ ಶುರುವಾಗುತ್ತವೆ. ಬಂದರು ಹೊಗಬೇಕಾದರೆ ಸ್ಥಳೀಯ ಪೈಲಟ್ ದೋಣಿಯಲ್ಲಿ ಬಂದು ಏಣಿ ಹತ್ತಿ ಹಡಗೇರಬೇಕು. ಟೆಕ್ಸಸ್‌ನ ಗ್ಯಾಲ್ವೆಸ್ಟನ್, ಫ್ಲಾರಿಡಾದ ಟ್ಯಾಂಪಾ, ಮಿಸಿಸಿಪ್ಪಿ ನದಿಯ ಮೇಲಿನ ನ್ಯೂ ಆರ್ಲಿಯನ್ಸ್‌ಗಳಲ್ಲಿ ಚಳಿಗಾಲದ ಮಂಜು ಕವಿದಾಗ ಪೈಲಟ್‌ಗಳು ಹಡಗು ನಡೆಸುವುದನ್ನೇ ನಿಲ್ಲಿಸುತ್ತಾರೆ. ಟ್ಯಾಂಪಾ ಕೊಲ್ಲಿಯಲ್ಲಿ ಇದನ್ನು ಅತಿ ಜಾಗ್ರತೆ ಎನ್ನುವಂತಿಲ್ಲ. 1980ರ ಮೇ ತಿಂಗಳ ಬಿರುಮಳೆಯಲ್ಲಿ ದಾರಿ ಕಾಣದೆ ಬಂದ ಸರಕು ಹಡಗೊಂದು ಅಲ್ಲಿನ ಸನ್‌ಶೈನ್ ಸ್ಕೈವೇ ಸೇತುವೆಯ ಕಂಬಕ್ಕೆ ಬಡಿದು, ಸೇತುವೆ ಕುಸಿದು 35 ಜನ ಸತ್ತರು. ಮಂಜಿನ ದಿನ ಕ್ರೂಸ್ ಹಡಗು ಗಂಟೆಗಟ್ಟಲೆ, ಕೆಲವೊಮ್ಮೆ ದಿನವೇ, ಸಮುದ್ರದಲ್ಲಿ ಕಾಯುತ್ತದೆ. ಒಳಗಿನವರ ವಿಮಾನ ತಪ್ಪುತ್ತದೆ, ಹೊರಗಿನವರ ಪ್ರವಾಸ ಒಂದು ದಿನ ಮೊಟಕಾಗುತ್ತದೆ.

ಯಂತ್ರವೇ ಕೈಕೊಟ್ಟಾಗ ಇಳಿಯುವಿಕೆ ಎಷ್ಟು ಕಷ್ಟವಾಗುತ್ತದೆಂಬುದನ್ನು 2013ರ ಕಾರ್ನಿವಲ್ ಟ್ರಯಂಫ್ ತೋರಿಸಿಕೊಟ್ಟಿತು. ಗ್ಯಾಲ್ವೆಸ್ಟನ್ನಿಂದ ನಾಲ್ಕು ದಿನದ ಪ್ರವಾಸಕ್ಕೆ ಹೊರಟಿದ್ದ ಈ ಹಡಗಿನ ಎಂಜಿನ್ ಕೋಣೆಯಲ್ಲಿ ಫೆಬ್ರುವರಿ 10ರಂದು ಇಂಧನದ ಕೊಳವೆ ಸೋರಿ ಬೆಂಕಿ ಹತ್ತಿತು. ಬೆಂಕಿ ಆರಿದರೂ ಚಾಲನೆ, ಹವಾನಿಯಂತ್ರಣ, ಬಹುಪಾಲು ಶೌಚಾಲಯಗಳು ನಿಂತವು. ಸಿಬ್ಬಂದಿ ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಮೆಕ್ಸಿಕೊ ಕೊಲ್ಲಿಯಲ್ಲಿ ತೇಲಿದರು. ಮೊದಲು ಮೆಕ್ಸಿಕೊದ ಪ್ರೊಗ್ರೆಸೊಗೆ ಎಳೆಯುವ ಯೋಚನೆಯಿತ್ತು. ಪ್ರವಾಹ ಹಡಗನ್ನು ಉತ್ತರಕ್ಕೆ ಒಯ್ದದ್ದರಿಂದ ಅಲಬಾಮಾದ ಮೊಬೀಲ್ ಗೊತ್ತಾಯಿತು. ಕೊನೆಯ ದಿನ ಎಳೆಯುವ ಹಗ್ಗವೂ ತುಂಡಾಯಿತು. 14ರ ರಾತ್ರಿ ಹಡಗು ದಡ ಸೇರಿದಾಗ ಕೆಲಸ ಮಾಡುತ್ತಿದ್ದ ಲಿಫ್ಟ್ ಒಂದೇ. ಎಲ್ಲರೂ ಇಳಿಯುವಷ್ಟರಲ್ಲಿ ಮಧ್ಯರಾತ್ರಿ ದಾಟಿತ್ತು. ಇಳಿದವರ ಮುಂದೆ ಇನ್ನೂ ಕೆಲವು ಗಂಟೆಗಳ ಬಸ್ ಪ್ರಯಾಣವಿತ್ತು.

ಧಕ್ಕೆಯೇ ಇಲ್ಲದ ಊರುಗಳ ತಡ ಬೇರೆ ಬಗೆಯದು. ಅಲ್ಲಿ ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ಪ್ರಯಾಣಿಕರು ಟೆಂಡರ್ ಎಂಬ ದೋಣಿಗಳಲ್ಲಿ ದಡಕ್ಕೆ ಹೋಗಬೇಕು. ಅಲೆ ಎದ್ದರೆ ದೋಣಿ ನಿಲ್ಲುತ್ತದೆ, ಊರನ್ನು ಹಡಗಿನಿಂದಲೇ ನೋಡಿ ಮುಂದೆ ಹೋಗಬೇಕಾಗುತ್ತದೆ. ಗ್ರೀಸಿನ ಸ್ಯಾಂಟೊರಿನಿಯಲ್ಲಿ ದೋಣಿ ಇಳಿದ ಮೇಲೂ ಊರು ಸಿಗುವುದಿಲ್ಲ. ಹಳೆಯ ಬಂದರಿನಿಂದ ಬೆಟ್ಟದಂಚಿನ ಫಿರಾ ಪಟ್ಟಣಕ್ಕೆ ಹೋಗಲು ಇರುವುದು 588 ಮೆಟ್ಟಿಲು, ಹೇಸರಗತ್ತೆಗಳ ಸವಾರಿ, ಇಲ್ಲವೇ ಒಂದು ಸಲಕ್ಕೆ ಕೆಲವೇ ಡಜನ್ ಜನರನ್ನು ಒಯ್ಯುವ ಕೇಬಲ್ ಕಾರು. ಮೂರ್ನಾಲ್ಕು ಹಡಗು ಒಟ್ಟಿಗೆ ಬಂದ ದಿನ ಕೇಬಲ್ ಕಾರಿನ ಸಾಲು ತಾಸು ಮೀರುತ್ತದೆ. ಈ ನೂಕುನುಗ್ಗಲಿನಿಂದಾಗಿ 2025ರಿಂದ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರ ಮಿತಿ ಬಂತು. ಕೆರಿಬಿಯನ್ನಿನ ಗ್ರ್ಯಾಂಡ್ ಕೇಮನ್‌ನಲ್ಲಿ ಧಕ್ಕೆ ಕಟ್ಟಬೇಕೇ ಎಂದು 2025ರ ಏಪ್ರಿಲ್‌ನಲ್ಲಿ ಜನಮತ ಕೇಳಿದಾಗ ಬಹುಮತ ಬೇಡವೆಂದಿತು. ಪ್ರಯಾಣಿಕರು ಶಪಿಸುವ ದೋಣಿಯ ಸರದಿ ದಡದವರಿಗೆ ಹಿತವಾಗಿರಲೂ ಸಾಧ್ಯ.

ಹಳದಿ ಬಾವುಟ

ಇಳಿಯಗೊಡದೆ ತಡೆಯುವ ಅಧಿಕಾರ ಬಂದರುಗಳಿಗೆ ಆರು ಶತಮಾನಗಳಿಂದ ಇದೆ. ಪ್ಲೇಗಿನ ಭಯದಲ್ಲಿ ಏಡ್ರಿಯಾಟಿಕ್ ತೀರದ ರಗೂಸಾ, ಅಂದರೆ ಇಂದಿನ ಡುಬ್ರೊವ್ನಿಕ್, 1377ರಲ್ಲಿ ಸೋಂಕಿನ ಸೀಮೆಯಿಂದ ಬಂದವರನ್ನು ಮೂವತ್ತು ದಿನ ಊರಾಚೆ ಇರಿಸುವ ಕಟ್ಟಳೆ ಮಾಡಿತು. ಇಂದಿಗೂ ಬಂದರಿಗೆ ಬರುವ ಹಡಗು ಏರಿಸುವ ಹಳದಿ ಬಾವುಟದ ಮಾತು ಇಷ್ಟೇ: ನಮ್ಮಲ್ಲಿ ರೋಗವಿಲ್ಲ, ಒಳಗೆ ಬರಲು ಬಿಡಿ.

2020ರ ಫೆಬ್ರುವರಿಯಲ್ಲಿ ಆ ಅನುಮತಿ ಸಿಗದೆ ಹೋಯಿತು. ಯೊಕೊಹಾಮಾದಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನರಲ್ಲಿ 712 ಮಂದಿಗೆ ಕೋವಿಡ್ ತಗಲಿತು. ಅದರಲ್ಲಿದ್ದ ಭಾರತೀಯರು 138, ಅವರಲ್ಲಿ 132 ಮಂದಿ ಸಿಬ್ಬಂದಿ. ಪ್ರಯಾಣಿಕರು ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡಿದ್ದಾಗ ಬಾಗಿಲಿಗೆ ಊಟ ತಲುಪಿಸುತ್ತಿದ್ದ ಸಿಬ್ಬಂದಿ ಒಂದೇ ಕೋಣೆ, ಒಂದೇ ಊಟದ ಮೇಜು ಹಂಚಿಕೊಳ್ಳುತ್ತಿದ್ದರು. ಫೆಬ್ರುವರಿ 27ರಂದು ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದೆಹಲಿಗೆ ತಂದಿತು. ಕ್ಯಾಪ್ಟನ್ ಜೆನ್ನಾರೊ ಆರ್ಮಾ ಎಲ್ಲರೂ ಇಳಿದ ಮೇಲೆ, ಮಾರ್ಚ್ 1ರಂದು, ಹಡಗು ಬಿಟ್ಟರು. ಅದೇ ದಿನಗಳಲ್ಲಿ ವೆಸ್ಟರ್‌ಡ್ಯಾಮ್ ಎಂಬ ಹಡಗನ್ನು ಜಪಾನ್, ತೈವಾನ್, ಫಿಲಿಪ್ಪೀನ್ಸ್, ಗುವಾಮ್, ಥಾಯ್ಲೆಂಡ್ ಸಾಲಾಗಿ ನಿರಾಕರಿಸಿದವು. ಕೊನೆಗೆ ಬರಗೊಟ್ಟದ್ದು ಕಾಂಬೋಡಿಯಾ.

ತಡವಿಲ್ಲದೆ ಇಳಿಸಿದರೂ ಅನಾಹುತವಾಗುತ್ತದೆ ಎಂಬುದಕ್ಕೆ ರೂಬಿ ಪ್ರಿನ್ಸೆಸ್ ಉದಾಹರಣೆ. 2020ರ ಮಾರ್ಚ್ 19ರಂದು ಸಿಡ್ನಿಯಲ್ಲಿ ಅದರ ಸುಮಾರು 2,650 ಪ್ರಯಾಣಿಕರನ್ನು, ಕೆಲವರ ಗಂಟಲು ದ್ರವದ ಪರೀಕ್ಷೆಯ ಫಲಿತಾಂಶ ಬರುವ ಮುಂಚೆಯೇ, ಇಳಿಯಲು ಬಿಟ್ಟರು. ಅವರು ಟ್ಯಾಕ್ಸಿ, ರೈಲು, ವಿಮಾನ ಹಿಡಿದು ಚದುರಿದರು. ಆರುನೂರಕ್ಕೂ ಹೆಚ್ಚು ಸೋಂಕು, 28 ಸಾವು ಆ ಹಡಗಿನ ಲೆಕ್ಕಕ್ಕೆ ಬಂದವು. ಬ್ರೆಟ್ ವಾಕರ್ ಅವರ ವಿಚಾರಣಾ ಆಯೋಗ ಪರೀಕ್ಷೆಯ ಫಲಿತಾಂಶಕ್ಕೆ ಕಾಯದಿದ್ದುದು ಆರೋಗ್ಯ ಇಲಾಖೆಯ ಗಂಭೀರ ತಪ್ಪೆಂದಿತು. ಅಂದು ಯಾರಾದರೂ ಒಂದು ದಿನ ತಡೆದಿದ್ದರೆ ಪ್ರಯಾಣಿಕರು ಬೈದಿರುತ್ತಿದ್ದರು, ಆ ಬೈಗುಳಕ್ಕೆ ಯಾರೂ ಸಾಯುತ್ತಿರಲಿಲ್ಲ.

ಭಾರತದ ತೀರದಲ್ಲಿ

ಭಾರತದಲ್ಲೂ ಈ ಕಥೆಗಳಿವೆ. 2020ರ ಏಪ್ರಿಲ್‌ನಲ್ಲಿ ಮರೆಲ್ಲಾ ಡಿಸ್ಕವರಿ ಹಡಗಿನ ಸುಮಾರು 145 ಭಾರತೀಯ ಸಿಬ್ಬಂದಿ ಮುಂಬೈ ಎದುರಿನ ಸಮುದ್ರದಲ್ಲಿ ಕಾಯುತ್ತಿದ್ದರು. ನಾವಿಕರನ್ನು ಇಳಿಸುವ ನಿಯಮಗಳನ್ನು ಗೃಹ ಸಚಿವಾಲಯ ಹೊರಡಿಸಿದ ಮೇಲೆ, ತಿಂಗಳ 23ರಂದು, ಅವರಿಗೆ ನೆಲ ಸಿಕ್ಕಿತು. 2022ರ ಜನವರಿಯಲ್ಲಿ ಸುಮಾರು 2,000 ಜನರನ್ನು ಹೊತ್ತು ಗೋವಾಕ್ಕೆ ಬಂದ ಕಾರ್ಡೀಲಿಯಾ ಹಡಗಿನಲ್ಲಿ 66 ಮಂದಿಗೆ ಸೋಂಕು ಕಂಡು, ಹೊಸ ವರ್ಷದ ಸಂಭ್ರಮಕ್ಕೆ ಹೊರಟವರು ಇಳಿಯಲಾರದೆ ಕಾದು, ಹಡಗು ಮುಂಬೈಗೆ ಮರಳಬೇಕಾಯಿತು.

ಕರ್ನಾಟಕದ ಪಾಲಿನ ಕ್ರೂಸ್ ಬಂದರು ಪಣಂಬೂರಿನ ನವಮಂಗಳೂರು. ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಇಲ್ಲಿಗೆ ವಿದೇಶಿ ಹಡಗುಗಳು ಬರುತ್ತವೆ. ಬೆಳಿಗ್ಗೆ ಬಂದು ಸಂಜೆ ಹೊರಡುವುದು ವಾಡಿಕೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಮೂವತ್ತೈದು ಕಿಲೋಮೀಟರ್ ಆಸುಪಾಸು, ಕಾರ್ಕಳದ ಗೊಮ್ಮಟ ಇನ್ನೂ ಆಚೆ. ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್ ಊರೊಳಗೇ ಇವೆ. ಇಳಿಯುವುದು ಒಂದು ತಾಸು ತಡವಾದರೆ ಕೈಬಿಡುವುದು ಕಾರ್ಕಳವೇ. ಹಡಗು ಹೊರಡುವ ಹೊತ್ತು ಬದಲಾಗದ್ದರಿಂದ ಬೆಳಗಿನ ತಡ ಪೂರ್ತಿಯಾಗಿ ದಡದ ನೋಟದಿಂದಲೇ ಕಡಿತವಾಗುತ್ತದೆ. ಬಸ್ಸು, ಟ್ಯಾಕ್ಸಿ, ಗೈಡುಗಳ ದುಡಿಮೆಯೂ ಅದರೊಂದಿಗೆ ಹೋಗುತ್ತದೆ. ಇ-ವೀಸಾದಲ್ಲಿ ಬಂದಿಳಿಯಬಹುದಾದ ಬಂದರುಗಳ ಪಟ್ಟಿಯಲ್ಲಿ ಮುಂಬೈ, ಗೋವಾ, ಕೊಚ್ಚಿ, ಚೆನ್ನೈಗಳ ಜೊತೆ ನವಮಂಗಳೂರೂ ಸೇರಿತು. ಪ್ರತಿಯೊಬ್ಬರ ಬೆರಳಚ್ಚು ಪಡೆಯುವ ಕೆಲಸ ಸಾಲನ್ನು ಎಳೆಯುತ್ತಿದೆ ಎಂದು ಕೇಂದ್ರ ಸರ್ಕಾರ ಇ-ವೀಸಾದ ಕ್ರೂಸ್ ಪ್ರಯಾಣಿಕರಿಗೆ 2020ರ ಕೊನೆಯವರೆಗೆ ವಿನಾಯಿತಿ ಕೊಟ್ಟಿತ್ತು. 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಮುಂಬೈನ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ಲಿನಲ್ಲಿ ಚೆಕ್-ಇನ್, ಇಮಿಗ್ರೇಶನ್‌ಗೆಂದು 72 ಕೌಂಟರುಗಳನ್ನು ಇಟ್ಟದ್ದೂ ಇದೇ ತೊಡಕು ಬಿಡಿಸಲು.

ಸರದಿಯ ನ್ಯಾಯ

ಯಾರು ಮೊದಲು ಇಳಿಯಬೇಕೆಂಬುದರಲ್ಲಿ ದುಡ್ಡಿನ ಮಾತು ಹಳೆಯದು. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ 1892ರಲ್ಲಿ ತೆರೆದಾಗಿನಿಂದ ಮೊದಲ ಮತ್ತು ಎರಡನೇ ದರ್ಜೆಯವರ ತಪಾಸಣೆ ಹಡಗಿನಲ್ಲೇ ಚುಟುಕಾಗಿ ಮುಗಿದು ಅವರು ಮ್ಯಾನ್‌ಹ್ಯಾಟನ್ನಿನಲ್ಲಿ ಇಳಿಯುತ್ತಿದ್ದರು. ಕೆಳ ದರ್ಜೆಯವರನ್ನು ದೋಣಿಯಲ್ಲಿ ದ್ವೀಪಕ್ಕೆ ಒಯ್ದು ವೈದ್ಯರ, ಗುಮಾಸ್ತರ ಸಾಲುಗಳಲ್ಲಿ ನಿಲ್ಲಿಸುತ್ತಿದ್ದರು. 1907ರ ಏಪ್ರಿಲ್ 17ರ ಒಂದೇ ದಿನ ಅಲ್ಲಿ 11,747 ಮಂದಿಯ ತಪಾಸಣೆ ನಡೆಯಿತು. ಇಂದಿನ ಕ್ರೂಸ್‌ನಲ್ಲೂ ಸೂಟ್‌ಗಳವರಿಗೆ, ಮತ್ತೆ ಮತ್ತೆ ಬರುವ ಗಿರಾಕಿಗಳಿಗೆ ಬೇರೆ ಕೋಣೆ, ಮುಂಚಿನ ಸರದಿ. ಆದರೆ ಸರ್ಕಾರದ ತಪಾಸಣೆಯ ಸಾಲಿನಲ್ಲಿ ಆ ಮರ್ಯಾದೆ ಅಷ್ಟಾಗಿ ನಡೆಯದು.

ಕಾಯುವಿಕೆ ಯಾಕೆ ಇಷ್ಟು ಸಿಟ್ಟು ತರಿಸುತ್ತದೆಂಬುದನ್ನು ಹಾರ್ವರ್ಡಿನಲ್ಲಿದ್ದ ಡೇವಿಡ್ ಮೈಸ್ಟರ್ 1985ರ ತಮ್ಮ ಪ್ರಬಂಧದಲ್ಲಿ ಬಿಡಿಸಿಟ್ಟರು. ಕೆಲಸವಿಲ್ಲದೆ ಕಾಯುವುದು, ಎಷ್ಟು ಹೊತ್ತೆಂದು ತಿಳಿಯದೆ ಕಾಯುವುದು, ಕಾರಣ ಹೇಳದೆ ಕಾಯಿಸುವುದು, ಅನ್ಯಾಯವೆನಿಸುವ ಸರದಿ: ಇವೆಲ್ಲ ಗಡಿಯಾರದ ಹೊತ್ತಿಗಿಂತ ಉದ್ದವಾಗಿ ಕಾಣುತ್ತವೆ. ಹಡಗಿನ ಕೊನೆಯ ಬೆಳಿಗ್ಗೆ ಈ ನಾಲ್ಕೂ ಕೂಡಿಬರುತ್ತವೆ. ಕೋಣೆ ಬಿಟ್ಟಾಗಿದೆ, ಅಂಗಡಿ ಮುಚ್ಚಿದೆ, ಧ್ವನಿವರ್ಧಕ ಅರ್ಧ ಗಂಟೆ ಸುಮ್ಮನಿದ್ದು ನಂತರ ‘ಅಧಿಕಾರಿಗಳ ಅನುಮತಿಗೆ ಕಾಯುತ್ತಿದ್ದೇವೆ’ ಎಂದಷ್ಟೇ ಹೇಳುತ್ತದೆ, ಹನ್ನೆರಡರ ಅಂಕಿಯವರು ಕೂತಿರುವಾಗ ಇಪ್ಪತ್ತರವರು ಮೆಲ್ಲನೆ ಸಾಲಿಗೆ ನುಗ್ಗುತ್ತಾರೆ. ವಾರವಿಡೀ ಪ್ರತಿ ಗಂಟೆಯ ಕಾರ್ಯಕ್ರಮವನ್ನು ಅಚ್ಚು ಹಾಕಿ ಕೊಟ್ಟ ಹಡಗು ಕೊನೆಯ ಮೂರು ಗಂಟೆಗೆ ಮಾತ್ರ ಉತ್ತರ ಕೊಡುವುದಿಲ್ಲ. ಆ ಗಂಟೆಗಳು ಪೂರ್ತಿ ಅದರ ಕೈಯಲ್ಲಿಲ್ಲದಿರುವುದು ಇದಕ್ಕೆ ಒಂದು ಕಾರಣ; ಇಳಿದುಹೋಗುವ ಗಿರಾಕಿಗಿಂತ ಏರಿಬರುವ ಗಿರಾಕಿಯ ಕಡೆ ಗಮನ ತಿರುಗಿರುವುದು ಇನ್ನೊಂದು.

ಸುಧಾರಣೆಯಾಗಿರುವುದು ಮುಖ್ಯವಾಗಿ ತಪಾಸಣೆಯಲ್ಲಿ. ಅಮೆರಿಕದ ಪ್ರಮುಖ ಬಂದರುಗಳಲ್ಲಿ ಈಗ ಕ್ಯಾಮೆರಾ ಮುಖವನ್ನು ಪಾಸ್‌ಪೋರ್ಟಿನ ಚಿತ್ರದೊಂದಿಗೆ ಹೋಲಿಸುತ್ತದೆ, ಹೆಚ್ಚಿನವರು ಕಾಗದ ತೆಗೆಯದೆಯೇ ದಾಟುತ್ತಾರೆ. ಬೇಡವೆನ್ನುವ ನಾಗರಿಕರಿಗೆ ಹಳೆಯ ವಿಧಾನ ಉಳಿದಿದೆ. ಸರದಿ ಬಂದಾಗ ಮೊಬೈಲಿಗೆ ಸೂಚನೆ ಕಳಿಸುವ ಆ್ಯಪ್‌ಗಳಿಂದ ಮೆಟ್ಟಿಲಿನ ಗುಂಪೂ ಕರಗುತ್ತದೆ. ಆದರೆ ಸಾಲು ಒಂದೆಡೆ ಕರಗಿದರೆ ಇನ್ನೊಂದೆಡೆ ಮೂಡುತ್ತದೆ: ಜನ ಬೇಗ ಬಂದರೆ ಪೆಟ್ಟಿಗೆ ಬಂದಿರುವುದಿಲ್ಲ, ಪೆಟ್ಟಿಗೆ ಬಂದರೆ ಟ್ಯಾಕ್ಸಿ ಇರುವುದಿಲ್ಲ.

ಪ್ರಯಾಣಿಕನ ಕೈಯಲ್ಲಿ ಉಳಿಯುವುದು ಮುಂದಿನ ಪ್ರಯಾಣದ ಹೊತ್ತು. ಕಂಪನಿಗಳು ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಮುಂಚಿನ ವಿಮಾನ ಬೇಡವೆಂದೇ ಹೇಳುತ್ತವೆ. ಫೋರ್ಟ್ ಲಾಡರ್‌ಡೇಲ್‌ನಲ್ಲಿ ವಿಮಾನ ನಿಲ್ದಾಣ ಬಂದರಿನ ಪಕ್ಕದಲ್ಲೇ ಇದೆ. ಪೋರ್ಟ್ ಕೆನಾವರಲ್‌ನಿಂದ ಒರ್ಲ್ಯಾಂಡೊ ನಿಲ್ದಾಣಕ್ಕೆ ಸುಮಾರು 70 ಕಿಲೋಮೀಟರ್. ರೋಮಿನ ಬಂದರೆನಿಸಿದ ಚಿವಿತವೆಕ್ಕಿಯಾದಿಂದ ರೋಮ್ ನಗರಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ. ಮಂಜಿನ ತಿಂಗಳಲ್ಲಿ ಗ್ಯಾಲ್ವೆಸ್ಟನ್ನಿಗೆ ಬರುವವರು ಅದೇ ದಿನದ ವಿಮಾನವನ್ನು ನೆಚ್ಚದಿರುವುದೇ ಲೇಸು. ಔಷಧ, ಕಾಗದಪತ್ರ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಬೇಕು. ಹಣ್ಣು ಹಡಗಿನಲ್ಲೇ ಉಳಿಯಬೇಕು. ಬಿಲ್ಲು ಹಿಂದಿನ ರಾತ್ರಿಯೇ ತೀರಿರಬೇಕು. ತುರ್ತಿಲ್ಲದವರು ತಡದ ಅಂಕಿ ಕೇಳಿ ಪಡೆದರೆ ಒಂಬತ್ತೂವರೆಯ ಹೊತ್ತಿಗೆ ಖಾಲಿಯಾದ ಗ್ಯಾಂಗ್‌ವೇಯಲ್ಲಿ ನಿಲ್ಲದೆ ನಡೆದುಹೋಗಬಹುದು. ಎಲ್ಲರಿಗಿಂತ ಮೊದಲೇ ಮೆಟ್ಟಿಲ ಮೇಲೆ ನಿಂತವರಿಗೂ ಅವರಿಗೂ ಊರು ಸೇರುವ ಹೊತ್ತಿನಲ್ಲಿ ಇರುವ ವ್ಯತ್ಯಾಸ ಹಲವು ಸಲ ಒಂದೆರಡು ತಾಸು ಮಾತ್ರ, ಮತ್ತು ಆ ಒಂದೆರಡು ತಾಸನ್ನು ಅವರು ಕುರ್ಚಿಯಲ್ಲಿ ಕೂತು ಕಳೆದಿರುತ್ತಾರೆ.